ಔಡಲ ಬೆರೆತ ಸೋಯಾ

ನವೆಂಬರ್ ಒಂಬತ್ತರ ಬೆಳಿಗ್ಗೆ ಔರಾದ ಠಾಣೆಗೆ ಬಂದ ಸಂಜುಕುಮಾರ ದೂರಿನ ಜೊತೆ ಒಂದು ಹಿಡಿ ಔಡಲ, ಅಂದರೆ ಹರಳು ಬೀಜವನ್ನೂ ತಂದಿದ್ದ. ಸೋಯಾ ಕೊಳ್ಳುವ ಕಂಪನಿಯೊಂದರ ಸ್ಥಳೀಯ ಮ್ಯಾನೇಜರ್ ಅವನು. ಇಲ್ಲಿಯ ಗೋದಾಮಿನಿಂದ ರಾಜ್ಯದ ಗಡಿಯಾಚೆ ಉದಗೀರದ ಎಣ್ಣೆ ಮಿಲ್ಲಿಗೆ ಹೋದ ಸೋಯಾದಲ್ಲಿ ಔಡಲ ಬೆರೆತಿತ್ತು. ಅದರ ಹಿಂಡಿ ತಿಂದು ಎರಡು ಎಮ್ಮೆ ಸತ್ತಿದ್ದವು. ಅಲ್ಲಿಯ ಅಧಿಕಾರಿಗಳು ಮಿಲ್ಲಿಗೆ ಬೀಗ ಜಡಿದಿದ್ದರು.

"ಮಿಲ್ಲು ಯಾರದು?" ಪಿಎಸ್‌ಐ ಸಿದ್ದೇಶ್ವರಿ ಕೇಳಿದರು.

"ನಮ್ಮ ಸೇಠರದ್ರಿ."

"ಗೋದಾಮು?"

"ಅದೂ ಅವರದೇರಿ. ಕಂಪನಿ ಹೆಸರು ಬ್ಯಾರೆ."

"ತಾನೇ ಮಾರಿ ತಾನೇ ಕೊಳ್ತಾನ. ಚೌಕಾಸಿ ಭಾಳ ಜೋರಿರಬೇಕು," ಎಂದರು ಹೆಡ್ ಕಾನ್‌ಸ್ಟೇಬಲ್ ಶಿವರಾಜಪ್ಪ.

ಎಫ್‌ಐಆರ್ ಆಯಿತು. ಸೋಯಾ ಯಾರನ್ನೂ ಕೇಳದೆ ಗಡಿ ದಾಟುತ್ತದೆ. ಪೊಲೀಸರು ಬೀದರಿನ ಮೇಲಧಿಕಾರಿಗಳ ಅನುಮತಿಗೆ ಕಾಯಬೇಕು. ಪತ್ರ ಬಂದ ಮೇಲೆ ಉದಗೀರದಲ್ಲಿ ಚೀಲಗಳ ಪಂಚನಾಮೆ ನಡೆಯಿತು.

ಗೋದಾಮಿನಲ್ಲಿ ಚೀಲಕ್ಕೆ ಯಂತ್ರದ ನೇರ ಹೊಲಿಗೆ. ಔಡಲ ಸಿಕ್ಕ ಚೀಲಗಳನ್ನು ಮಾತ್ರ ಯಾರೋ ಬಿಚ್ಚಿ, ಮೂಲೆಗಳಲ್ಲಿ ಕಿವಿ ಬಿಟ್ಟು ಕೈಯಿಂದ ಹೊಲಿದಿದ್ದರು.

"ಹಮಾಲರಿಗಿ ಹಿಡಿದೆತ್ತಲಿಕ್ಕ ಕಿವಿ ಬಿಡೋದ್ರಿ. ಭಾಲ್ಕಿ ಮಿಲ್ಲಿನ್ಯಾಗ ಹೀಂಗ ಹೊಲೀತಿದ್ರು," ಎಂದು ಸಂಜುಕುಮಾರ ನಾಲಿಗೆ ಕಚ್ಚಿಕೊಂಡ.

"ಯಾವ ಮಿಲ್ಲು?"

"ಹೋದ ವರ್ಷ ಸೇಠರು ಕೊಂಡದ್ರಿ."

"ನಡಸ್ಲಿಕ್ಕ?"

"ಮುಚ್ಚಲಿಕ್ಕರಿ. ಅದು ನಡೀತಿದ್ರ ನಮಗ ಇಲ್ಲಿ ರೈತರಿಗಿ ದರ ಏರಸಬೇಕಾಗ್ತಿತ್ತು."

ಅದರ ಹಳೆಯ ಮಾಲೀಕ ಮುಜೀಬೋದ್ದೀನನಿಗೆ ಕಂಪನಿ ದೊಡ್ಡ ಮನಸ್ಸು ಮಾಡಿ ಔರಾದ ಗೋದಾಮಿನ ಉಸ್ತುವಾರಿ ಕೊಟ್ಟಿತ್ತು.

"ಚಾಚಾ, ಕಿವಿ ಯಾಕ ಬಿಟ್ರಿ?" ಸಿದ್ದೇಶ್ವರಿ ಗೋದಾಮಿಗೆ ಹೋಗಿ ಅವನನ್ನೇ ಕೇಳಿದರು.

"ಬಿಡದೆ ಹೊಲೀಲಿಕ್ಕ ಕೈ ಬರಂಗಿಲ್ಲ ಮೇಡಂ. ಎತ್ತೋರ ಬೆರಳು ಕಿತ್ತು ಹೋಗ್ತಾವ."

"ಔಡಲ?"

"ಅದು ಸೇಠನ ಸಲುವಾಗಿ. ಮಿಲ್ಲು ನಡಸ್ತೇನಿ ಅಂತ ನಮ್ಮ ಮನ್ಯಾಗ ಕುಂತು, ಬಿರ್ಯಾನಿ ಉಂಡು ಮಾತು ಕೊಟ್ಟ. ದಸ್ಕತ್ ಬಿದ್ದ ಸಂಜೀಕೇ ಬೀಗ ಹಾಕ್ದ. ಅವನ ಬಾಗಿಲಿಗೂ ಬೀಗ ಬೀಳೋದು ನೋಡಬೇಕಿತ್ತು."

"ಎಮ್ಮಿ ಸತ್ತಾವಲ್ರಿ?"

ಮುದುಕ ತಲೆ ತಗ್ಗಿಸಿದ. "ಅದು ತಪ್ಪಾತರಿ. ಎಮ್ಮಿ ಯಾರ ಮಿಲ್ಲೂ ಕೊಂಡಿರಲಿಲ್ಲ."

ಬಂಧನದ ಕಾಗದದಲ್ಲಿ ಸಿದ್ದೇಶ್ವರಿ 'ದ್ವೇಷ' ಎಂದು ಬರೆದರು. ಬಿರ್ಯಾನಿಗೆ ಅದರಲ್ಲಿ ಜಾಗವಿರಲಿಲ್ಲ.

ಮುಜೀಬೋದ್ದೀನ ಜೀಪು ಹತ್ತುವಾಗ ಪಕ್ಕದಲ್ಲಿದ್ದ ಸಂಜುಕುಮಾರನಿಗೆ ಫೋನು ಬಂತು. ಸೇಠರ ಹುಕುಂ ಎಂದು ಅವನು ಹೇಳಿದ: ಉದಗೀರದ ಬೀಗ ತೆಗೆಯುವವರೆಗೆ ಭಾಲ್ಕಿಯ ಮಿಲ್ಲು ನಡೆಯಲಿ.

"ಅಂದ್ರ ಅವಗ ಏನೂ ಆಗಲಿಲ್ಲ," ಎಂದ ಮುಜೀಬೋದ್ದೀನ.

ಶಿವರಾಜಪ್ಪ ಬಾಗಿಲು ಹಾಕಿದರು. ಜೀಪು ಹೊರಡುವಷ್ಟರಲ್ಲಿ ಮುದುಕ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಸಂಜ್ಯಾ, ಭಾಲ್ಕಿ ಮಿಲ್ಲಿನ್ಯಾಗ ಎರಡನೇ ಮಷೀನಿನ ಪಟ್ಟಾ ಸಡಿಲ ಅದ. ಹಮಾಲರಿಗಿ ಹುಷಾರ್ ಅಂತ ಹೇಳು. ಸೇಠಗ ಹೇಳಬ್ಯಾಡ."