ಅವಳ ದನಿಯಿದ್ದ ಕನ್ನಡಕ

"ನಿಮ್ಮ ಕನ್ನಡಕಕ್ಕೆ ಸ್ವಲ್ಪ ಬಾಯಿ ಮುಚ್ಚೋಕೆ ಹೇಳ್ತೀರಾ!"

ಬಸ್ ನಿಲ್ದಾಣದ ಗದ್ದಲದ ನಡುವೆ ಅವನು ಕನ್ನಡಕ ಕಿತ್ತು ಅವಳ ಕೈಗೆ ತುರುಕಿದ. ಹಿಂದಕ್ಕೆ ಬರುತ್ತಿದ್ದ ಬಸ್ಸು ಅವನ ಬೆನ್ನಿಗೆ ಗೇಣು ದೂರದಲ್ಲಿ ನಿಂತಿತ್ತು.

ಆ ಸ್ಮಾರ್ಟ್ ಕನ್ನಡಕವನ್ನು ವಿನ್ಯಾಸ ಮಾಡಿದವಳು ಅವಳೇ. ಕಣ್ಣಿರುವ ಪ್ರಯಾಣಿಕರಿಗೆ ಗಾಜಿನ ಮೇಲೆ ದಾರಿಯ ಬಾಣ ಮೂಡುತ್ತಿತ್ತು. ಕಣ್ಣಿಲ್ಲದವರಿಗೆ ಅದೇ ದಾರಿ ಕಿವಿಯಲ್ಲಿ ಮಾತಾಗುತ್ತಿತ್ತು. ಅವನು ಕಾಲೇಜಿನಲ್ಲಿ ಇತಿಹಾಸ ಕಲಿಸುವ ಅಂಧ ಮೇಷ್ಟ್ರು. ಕನ್ನಡಕ ಹಾಕಿ ನಡೆದು ನೋಡಲು ಒಪ್ಪಿ ಬಂದಿದ್ದ.

"ಏನೂ ಬಿಟ್ಟುಹೋಗಬಾರದು ಅಂತ..." ಅವಳು ತೊದಲಿದಳು.

"ಅಂಗಡಿ, ಬೋರ್ಡು, ಕಸದ ಡಬ್ಬಿ, ಎಲ್ಲಾ ಹೇಳ್ತು. ಆ ವಟವಟದಲ್ಲಿ ಬಸ್ಸಿನ ಸದ್ದೇ ಕೇಳಿಸ್ಲಿಲ್ಲ. ನಂಗಿರೋದು ಕಿವಿ ಒಂದೇ ಮೇಡಂ. ಅದನ್ನೂ ಮುಚ್ಚಿಬಿಟ್ರೆ?"

ಅಂದು ಅವಳು ಬಾತ್‌ರೂಮಿನಲ್ಲಿ ನಿಂತು ಅತ್ತಳು. ಮರುದಿನ ಮೊದಲಿನಿಂದ ಶುರು ಮಾಡಿದಳು.

ಅವನು ಜೊತೆಯಲ್ಲಿ ನಡೆದ, ಬೈದ, ನಗಿಸಿದ. ಕನ್ನಡಕದ ಬೇಡದ ಮಾತೆಲ್ಲ ಉದುರಿತು. ಯಂತ್ರದ ದನಿ ಗದ್ದಲದಲ್ಲಿ ಸ್ಪಷ್ಟವಾಗಿ ಕೇಳಿಸದ್ದರಿಂದ ಅದಕ್ಕೆ ತನ್ನ ದನಿಯನ್ನೇ ತುಂಬಿದಳು. 'ಎಡಕ್ಕೆ.' 'ಮೆಟ್ಟಿಲು.' 'ನಿಲ್ಲಿ!'

"ಈ 'ನಿಲ್ಲಿ'ಯಲ್ಲಿ ನಿಜವಾದ ಗಾಬರಿ ಇದೆ," ಅಂದ ಅವನು.

"ಇರಲ್ವಾ ಮತ್ತೆ? ನಿಮ್ಮನ್ನ ನೆನೆಸ್ಕೊಂಡೇ ಹೇಳಿದ್ದು!"

ಬಾಯಿ ತಪ್ಪಿ ಬಂದ ಮಾತು! ಆಮೇಲೆ 'ನೀವು' ಹೋಗಿ 'ನೀನು' ಬಂತು.

ಆದರೆ ಅವಳ ದನಿ ಕಟ್ಟತೊಡಗಿತು. ನೆಗಡಿ ಅಂದುಕೊಂಡಳು. ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡರು.

"ಕ್ಯಾನ್ಸರ್. ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕಾಗುತ್ತಮ್ಮ."

'ಅವನಿಗೆ ನಾನು ಅಂದ್ರೆ ನನ್ನ ದನಿ... ದನಿಯೇ ಹೋದ ಮೇಲೆ ಅವನ ಪಾಲಿಗೆ ನಾನೆಲ್ಲಿರ್ತೀನಿ?'

'ನನ್ನನ್ನ ಹುಡುಕಬೇಡ. ನಮ್ಮಿಬ್ಬರದ್ದು ಸರಿಹೋಗಲ್ಲ.' ಇಷ್ಟನ್ನೇ ಬರೆದು ಕಳಿಸಿದಳು. ಅವನ ಫೋನು ಅದನ್ನು ನಿರ್ಭಾವದಿಂದ ಓದಿ ಹೇಳಿತು.

ಆಪರೇಷನ್ ಆಯಿತು. ಕತ್ತಿನಲ್ಲಿ ಉಸಿರಿಗೊಂದು ರಂಧ್ರ ಉಳಿಯಿತು. ಅಕ್ಕನ ಮನೆಯ ಸೋಫಾದಲ್ಲಿ ಅವಳು ಮೂಕಿಯಾಗಿ ಕುಳಿತಳು. ಕಾಯಿಲೆ ಮರಳುವುದಿಲ್ಲವೆಂದು ಯಾರೂ ಮಾತು ಕೊಡಲಿಲ್ಲ.

ಒಂದು ಮಧ್ಯಾಹ್ನ ಬೆಲ್ ಆಯಿತು. ಬಾಗಿಲಲ್ಲಿ ಅವನು! ಅವಳ ಆಫೀಸಿನಲ್ಲಿ ಕಾಡಿ ಬೇಡಿ ವಿಳಾಸ ಪಡೆದಿದ್ದ.

"ಅವಳು... ಇಲ್ಲಿಲ್ಲ," ಅಂದಳು ಅಕ್ಕ.

"ಕುರುಡನ ಜೊತೆ ಬಾಳೋದು ಕಷ್ಟ ಅನ್ನಿಸಿದ್ರೆ ತಪ್ಪಲ್ಲ ಅಕ್ಕ. ಆದ್ರೆ ಅದನ್ನ ಅವಳ ಬಾಯಿಂದಲೇ ಕೇಳ್ಬೇಕು ನಾನು. ಒಂದೇ ಒಂದು ಸಲ..."

ಅಕ್ಕನಿಗೆ ತಡೆಯಲಾಗಲಿಲ್ಲ. "ಅವಳಿಗೆ ಮಾತೇ ಇಲ್ಲ ಕಣಪ್ಪಾ!" ಎಂದು ಬಿಕ್ಕಿದಳು. ಎಲ್ಲವನ್ನೂ ಹೇಳಿದಳು.

ಸೋಫಾದ ಕಡೆಯಿಂದ ಸಣ್ಣ ಸಿಳ್ಳೆಯಂಥ ಉಸಿರು ಅವನಿಗೆ ಕೇಳಿಸಿತು. ಅದರತ್ತಲೇ ತಡವರಿಸುತ್ತ ಬಂದು ಅವಳೆದುರು ಮಂಡಿಯೂರಿದ.

"ಇದು ನೀನೇ ಅಲ್ವಾ?"

ಅವಳು ಫೋನ್ ತೆಗೆದು ಟೈಪ್ ಮಾಡತೊಡಗಿದಳು. ಆ ಟಕಟಕ ಕೇಳಿ ಅವನು ತಡೆದ.

"ಯಂತ್ರ ಓದೋದು ಬೇಡ. ಕನ್ನಡಕದಲ್ಲಿರೋ ನಿನ್ನ ದನಿಯೂ ಸಾಲದು. ನನ್ನ ಮೇಲೆ ಸಿಟ್ಟಾಗೋ ಒಂದು ಮಾತೂ ಇಲ್ಲ ಅದರಲ್ಲಿ. ಹೈಸ್ಕೂಲ್ ಮುಗಿಯೋವರೆಗೂ ಕಣ್ಣಿತ್ತು ನಂಗೆ, ಅಕ್ಷರ ಮರೆತಿಲ್ಲ. ಇಲ್ಲಿ ಬರಿ."

ಅಂಗೈ ಚಾಚಿದ. ಅವಳ ಬೆರಳು ಅಳುಕುತ್ತ ಚಲಿಸಿತು; ಅವನು ಬಾಯಿಬಿಟ್ಟು ಓದಿಕೊಂಡ.

"ಹೆ... ದ... ಹೆದರಿಕೆನಾ? ನಂಗೂ ಕಣೇ. ತುಂಬಾ."

ಅವಳ ಕಣ್ಣೀರು ಅಂಗೈ ಮೇಲೆ ಬಿತ್ತು. ಅದರ ಮೇಲೆಯೇ ಬರೆದಳು.

"ಮತ್ತೆ... ಬಂದ್ರೆ?" ಅವನು ಓದಿದ. "ಕಾಯಿಲೆ ಬರಲ್ಲ ಅಂತ ನಾನು ಸುಳ್ಳು ಹೇಳಲ್ಲ. ಬಂದ್ರೆ ಒಬ್ಬಳೇ ಇರೋಕೆ ಬಿಡಲ್ಲ. ನಿನ್ನನ್ನ ಪ್ರೀತಿಸ್ತೀನಿ. ನಿನ್ನ ದನಿಯನ್ನಲ್ಲ... ನಿನ್ನನ್ನ."

ಅವಳು ಮತ್ತೇನೋ ಗೀಚಿದಳು.

"ನಿಧಾನ! ಇಷ್ಟು ಕೆಟ್ಟದಾ ನಿನ್ನ ಬರಹ?"

ಸದ್ದಿಲ್ಲದ ನಗುವಿಗೆ ಅವಳ ಭುಜ ಅದುರಿತು. ಒಂದೊಂದೇ ಅಕ್ಷರ ಒತ್ತಿ ಬರೆದಳು, ಅವನು ಓದುತ್ತ ಹೋದ.

"ಹೋ... ಗ... ಬೇ... ಡ."

"ಇಲ್ಲ," ಅಂದ ಅವನು, ಬೆರಳುಗಳ ಮೇಲೆ ಅಂಗೈ ಮುಚ್ಚುತ್ತ. "ಇಲ್ಲೇ ಇದೀನಿ."