ಗೋದಲಿಗೆ ಹೊರಟ ಅಜ್ಜಿ

ಹಸಿ ಜೇಡಿಮಣ್ಣಿನ ವಾಸನೆ ಒಳಮನೆಯವರೆಗೂ ಹೋಗಿರಬೇಕು. ಮಂಚದ ಮೇಲಿಂದ ಅವ್ವನ ದನಿ ಬಂತು.

"ನಮ್ಮವ್ವನ ಮನೆ ವಾಸ್ನೆ ಕಣೆ ರೋಜಾ ಇದು. ನಾನು ನಿನ್ನಷ್ಟಿದ್ದಾಗ ಅವ್ವ ಹಿಂಗೇ ಮಣ್ಣು ಕಲಸೋಳು. ಮನೆಯೆಲ್ಲ ಹಿಂಗೇ ಗಮ್ ಅನ್ನೋದು."

ಅಷ್ಟು ಹೇಳುವಷ್ಟರಲ್ಲೇ ಅವ್ವನಿಗೆ ಆಯಾಸವಾಯಿತು. ಪಕ್ಕದಲ್ಲಿ ಪಾಪು ಮತ್ತೆ ಅಳತೊಡಗಿತು.

ರೋಜಾ ಜಗಲಿಯ ಮೇಲೆ ಕೂತು ಮಣ್ಣು ನಾದುತ್ತಿದ್ದಳು. ಎದುರಿಗೆ ಅವರ ಮನೆಯ ಗೋದಲಿ. ಯೇಸುಸ್ವಾಮಿ ಹುಟ್ಟಿದ ದನದ ಕೊಟ್ಟಿಗೆಯನ್ನು ಪ್ರತಿ ಕ್ರಿಸ್‌ಮಸ್‌ಗೂ ಹೀಗೆ ಬೊಂಬೆಗಳಲ್ಲಿ ಮಾಡಿ ಇಡುತ್ತಿದ್ದರು. ಮಣ್ಣು ಮೆತ್ತಿದ ಗೋಣಿಚೀಲವೇ ಬೆಟ್ಟ. ತೆಂಗಿನ ಚಿಪ್ಪಿನಲ್ಲಿ ಮೊಳೆತ ರಾಗಿಯೇ ಹೊಲ. ಒಡೆದ ಕನ್ನಡಿಯ ಚೂರು ನಂಜನಗೂಡಿನ ಕಪಿಲೆ ಹೊಳೆಯಾಗಿತ್ತು.

ಬೊಂಬೆ ಮಾಡುವುದು ಅಜ್ಜಿಯ ಕೆಲಸ. ಅವಳ ಊರು ತಾಳವಾಡಿಯ ಹತ್ತಿರ, ಗಡಿಯಾಚೆ. ಬೋರ್ಡು ತಮಿಳಿನಲ್ಲಿದ್ದರೂ ಅಲ್ಲಿನವರ ಮಾತು ಇದೇ ಕನ್ನಡ. ಈ ಸಲ ಬಾಣಂತನಕ್ಕೂ ಅವಳೇ ಬರಬೇಕಿತ್ತು. ಅಷ್ಟರಲ್ಲಿ ಕಾವೇರಿ ನೀರಿನ ಗಲಾಟೆಯಾಗಿ ಬಸ್ಸು ನಿಂತುಹೋಯಿತು. ಪಾಪು ಹುಟ್ಟಿತು. ಕ್ರಿಸ್‌ಮಸ್ಸೂ ಬಂದು ಹೋಯಿತು. ಅಜ್ಜಿ ಬರಲಿಲ್ಲ.

ಅಪ್ಪ ತಾಂಡವಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬರುತ್ತಿದ್ದ. ಪಾಪುವಿನ ಬಟ್ಟೆ ಒಗೆದು, ನೀರು ತುಂಬಿಸಿ, ಕೂತಲ್ಲೇ ತೂಕಡಿಸುತ್ತಿದ್ದ. ಅಡುಗೆ ರೋಜಾಳ ಪಾಲಿಗೆ ಬಂದಿತ್ತು. ಅವಳ ಅನ್ನ ಒಂದು ದಿನ ಗಂಜಿ, ಇನ್ನೊಂದು ದಿನ ಕರಕಲು. ಅವ್ವ ಎರಡು ತುತ್ತು ತಿಂದು, "ಸಾಕು ಕಣವ್ವ, ಚೆನ್ನಾಗದೆ," ಎಂದು ತಟ್ಟೆ ಸರಿಸುತ್ತಿದ್ದಳು.

"ಏಯ್, ಮೇರಿಯಮ್ಮ ಯಾಕೆ ಮಲಗವ್ರೆ?" ಎದುರುಮನೆಯ ಚೈತ್ರ ಓಡಿ ಬಂದು ಕೇಳಿದಳು. "ನಿಮ್ ಚರ್ಚಲ್ಲಿ ಮಂಡಿಯೂರಿ ಕೂತಿರ್ತಾರಲ್ಲ?"

"ಕೂರ್ಸಿದ್ರೆ ಬಿದ್ದೋಯ್ತಾರೆ ಕಣೆ. ಬಾಣಂತಿ ಅಲ್ವಾ, ಸುಸ್ತಾಗಿರುತ್ತೆ."

ಚೈತ್ರ ಬಗ್ಗಿ ನೋಡಿದಳು. ಮೇರಿಯಮ್ಮನ ಕಿವಿ ಮುಚ್ಚುವಂತೆ ತಲೆಗೆ ಬಟ್ಟೆಯ ಚೂರು ಕಟ್ಟಿತ್ತು. ಮಗ್ಗುಲಲ್ಲಿ ಅಂಗಿಯ ಗುಂಡಿಯಷ್ಟೇ ದೊಡ್ಡ ಕೆಂಡದ ಮಡಕೆ.

"ಅಯ್ಯಪ್ಪಾ, ಮೇರಿಯಮ್ಮಂಗೆ ಸ್ಕಾರ್ಫು!" ಚೈತ್ರ ಕಿಸಕ್ಕನೆ ನಕ್ಕಳು. "ಮೂರು ಜನ ರಾಜರು ಎಲ್ಲಿ? ಒಂಟೆ ಎಲ್ಲಿ?"

"ಒಂಟೆ ಎಲ್ಲಾ ನನ್ ಕೈಲಾಗಲ್ಲಪ್ಪ. ಈ ಸಲ ರಾಜರ ಬದ್ಲು ನಮ್ಮಜ್ಜಿ ಬತ್ತಾಳೆ."

ಹಬ್ಬ ಕಳೆದ ಮೇಲೆ, ಕೂಸು ಯೇಸುವನ್ನು ನೋಡಲು ದೂರದಿಂದ ಬಂದ ರಾಜರ ಬೊಂಬೆಗಳನ್ನು ದೂರದಲ್ಲಿಟ್ಟು, ದಿನಕ್ಕಿಷ್ಟು ಹತ್ತಿರ ಸರಿಸುವುದು ಅವರ ಮನೆಯ ಪದ್ಧತಿ. ರೋಜಾ ಅಜ್ಜಿಯ ಬೊಂಬೆಯನ್ನು ಜಗಲಿಯ ತುದಿಯಲ್ಲಿ, ಮೆಟ್ಟಿಲ ಹತ್ತಿರ ನಿಲ್ಲಿಸಿದಳು. ತಲೆಯ ಮೇಲೊಂದು ಗಂಟು, ಮುಂದೆ ಗಡಿಯದೆಂದು ಪೊರಕೆಕಡ್ಡಿಯ ಗೇಟು.

ಮಾರನೆಯ ದಿನವೂ ಬಸ್ಸಿಲ್ಲ ಎಂದು ಅಪ್ಪ ಕೇಳಿಕೊಂಡು ಬಂದ. ಅವತ್ತು ಅನ್ನ ತಳ ಹಿಡಿದು ಮನೆಯೆಲ್ಲ ಹೊಗೆಯಾಯಿತು. ಪಾತ್ರೆ ಎಷ್ಟು ಉಜ್ಜಿದರೂ ಕಪ್ಪು ಬಿಡಲಿಲ್ಲ. ರೋಜಾಳಿಗೆ ಅಳು ಬಂತು. ಅವಳು ಜಗಲಿಗೆ ಬಂದವಳೇ ಅಜ್ಜಿಯನ್ನು ಎತ್ತಿ, ಗೇಟು ದಾಟಿಸಿ, ಮೇರಿಯಮ್ಮನ ಮಗ್ಗುಲಲ್ಲಿ ಇಟ್ಟುಬಿಟ್ಟಳು.

ಅವ್ವ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಬೊಂಬೆಯನ್ನೇ ಸ್ವಲ್ಪ ಹೊತ್ತು ನೋಡಿದಳು.

"ಇನ್ನೂ ಬಂದಿಲ್ವಲ್ಲ, ಮಗಾ," ಎಂದಳು ಮೆಲ್ಲಗೆ.

ರೋಜಾ ಅಜ್ಜಿಯನ್ನು ಮತ್ತೆ ಗೇಟಿನಾಚೆ ಇಟ್ಟಳು.

ಸಂಜೆ ಚೈತ್ರಳನ್ನು ಕರೆಯಲು ಅವಳ ಅವ್ವ ಪುಟ್ಟಬಸಮ್ಮ ಬಂದರು. ಅವರು ಜಗಲಿ ಹತ್ತುವವರಲ್ಲ. ಮಜ್ಜಿಗೆ ಕೊಡುವಾಗಲೂ ರೋಜಾಳ ಚೆಂಬಿಗೆ, ತಾಗದ ಹಾಗೆ, ಮೇಲಿಂದ ಸುರಿಯುತ್ತಿದ್ದರು. ಬೀದಿಯಲ್ಲೇ ನಿಂತು ಗೋದಲಿಯನ್ನು ನೋಡಿದರು.

"ಅಲ್ಲ ಕಣ್ ಕೂಸೆ, ಬಾಣಂತಿ ಹತ್ರ ಯಾರೂ ಇಲ್ವಲ್ಲ?"

"ಅವ್ರವ್ವ ಬತ್ತಾವ್ರೆ ಅಮ್ಮಾ. ಗೇಟ್ ಆಕ್ಬುಟ್ಟವ್ರೆ."

"ಅಲ್ಲೀಗಂಟ ಊಟಕ್ಕೇನು?"

ರೋಜಾ ಮಸಿ ಮೆತ್ತಿದ ಕೈಗಳನ್ನು ಲಂಗದ ಹಿಂದೆ ಬಚ್ಚಿಟ್ಟುಕೊಂಡಳು. "ನಾನೇ ಮಾಡ್ತೀನಿ. ಇವತ್ತು ಮಾತ್ರ... ಸೀದೋಯ್ತು."

 ಪುಟ್ಟಬಸಮ್ಮ ಚೈತ್ರಳ ಕೈ ಹಿಡಿದುಕೊಂಡು ಹೊರಟುಹೋದರು. ಅವರು ಇನ್ನೂ ಏನಾದರೂ ಹೇಳಬಹುದಿತ್ತು ಎನ್ನಿಸಿತು ರೋಜಾಳಿಗೆ. ಕಣ್ಣು ಎಳೆಯುತ್ತಿತ್ತು. ಅವಳು ಕಂಬಕ್ಕೆ ಒರಗಿದಳು.

ದೀಪ ಹಚ್ಚುವ ಹೊತ್ತಿಗೆ ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿಯ ಘಮ ಬಂತು. ರೋಜಾ ಕಣ್ಣು ಬಿಟ್ಟಳು. ಬೀದಿಯಲ್ಲಿ ಪುಟ್ಟಬಸಮ್ಮ ನಿಂತಿದ್ದರು. ಕೈಯಲ್ಲಿ ಅವರ ಮನೆಯ ಹಿತ್ತಾಳೆ ತಪ್ಪಲೆ. ಅದರೊಳಗೆ ಬಿಸಿ ಅನ್ನ, ಮೆಣಸಿನ ಸಾರು.

ರೋಜಾ ಒಳಗೋಡಿ ತಮ್ಮ ಪಾತ್ರೆ ತಂದಳು. ಜಗಲಿಯ ಅಂಚಿಗೆ ಬಂದು, ಎಂದಿನಂತೆ ಬಗ್ಗಿ, ಕೆಳಗೆ ಹಿಡಿದಳು.

ಪುಟ್ಟಬಸಮ್ಮ ಸುರಿಯಲಿಲ್ಲ. ಒಂದು ಕೈಯಲ್ಲಿ ಸೀರೆಯ ನಿರಿಗೆ ಎತ್ತಿ ಹಿಡಿದು, ಮಣ್ಣಿನ ಅಜ್ಜಿಗೂ ಕಡ್ಡಿಯ ಗೇಟಿಗೂ ತಾಗದಂತೆ ನೋಡಿ ನೋಡಿ ಕಾಲಿಟ್ಟು, ಜಗಲಿ ಹತ್ತಿದರು.

ರೋಜಾ ಅವರ ಮುಖ ನೋಡಿದಳು. ಆಮೇಲೆ ತನ್ನ ಖಾಲಿ ಪಾತ್ರೆಯನ್ನು ನೆಲದ ಮೇಲಿಟ್ಟು, ಎರಡೂ ಕೈ ಚಾಚಿದಳು.

"ಬಿಸಿ ಅದೆ, ಉಷಾರು," ಎಂದು ಪುಟ್ಟಬಸಮ್ಮ ತಪ್ಪಲೆಯನ್ನೇ ಅವಳ ಕೈಗಿತ್ತರು.