ಹಿಂದಿನವ ಬರುವತನಕ

"ನಿಂದ್ರ್ರಿ! ಒಬ್ಬರೂ ಮುಂದ ಹೋಗಬ್ಯಾಡ್ರಿ!"

ಮಂಜಿನೊಳಗಿಂದ ಬಂದ ಆ ದನಿಗೆ ಶಾಲನಳ ಎರಡೂ ಕೈಗಳು ತಾವಾಗಿಯೇ ಬ್ರೇಕ್ ಒತ್ತಿದವು. ಅವಳ ಹಿಂದಿದ್ದ ಸೈಕಲ್‌ಗಳ ಸಾಲು ಕಿರ್ರನೆ ಸದ್ದು ಮಾಡಿ ನಿಂತಿತು. ರಸ್ತೆಗೆ ಅಡ್ಡವಾಗಿ ಸೈಕಲ್ ನಿಲ್ಲಿಸಿಕೊಂಡು ಒಬ್ಬ ಎತ್ತರದ ಯುವಕ ನಿಂತಿದ್ದ.

'ಯಾರಿವನು? ನನ್ನ ರೈಡ್ ನಿಲ್ಲಿಸೋಕೆ ಎಷ್ಟು ಧೈರ್ಯ!'

ಅವಳು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ರಸ್ತೆಯಿಂದ ಕಬ್ಬಿನ ಟ್ರ್ಯಾಕ್ಟರ್ ನುಗ್ಗಿ ಬಂತು. ಹಿಂದೆ ಎರಡು ಟ್ರಾಲಿ. ಒಂದಕ್ಕೂ ದೀಪವಿಲ್ಲ. ಡ್ರೈವರ್ ಹಾಕಿದ ಹಾಡು ಕಿವಿ ಹರಿಯುವಂತಿತ್ತು. ಹೊರಗೆ ಚಾಚಿದ್ದ ಕಬ್ಬಿನ ಗರಿಗಳು ಅವಳ ಮುಖದಿಂದ ಒಂದು ಗೇಣು ದೂರದಲ್ಲಿ ಸರಸರನೆ ಹಾದುಹೋದವು...

 ಶಾಲನ ಥ್ಯಾಂಕ್ಸ್ ಹೇಳುವ ಮೊದಲೇ ಅವನು ಇನ್ನೊಂದು ಬಾಣ ಬಿಟ್ಟ.

"ಸಾಂಗಲಿ ವಿಶ್ರಾಮಬಾಗದಿಂದ ಎಷ್ಟ ಮಂದಿ ಹೊಂಟೀರಿ?"

"ಇಪ್ಪತ್ತೆಂಟು. ಯಾಕ್ರಿ?"

"ಇಲ್ಲಿ ಇಪ್ಪತ್ತೇಳ ಅದಾರ. ಹಿಂದಿನವ ಯಾರ್ರಿ ನಿಮ್ಮಲ್ಲಿ?"

"ಹಿಂದಿನವ ಅಂದ್ರ?"

"ಎಲ್ಲಾರಕಿಂತ ಹಿಂದ ಬರಾವ. ಅವನ ಹಿಂದ ಯಾರೂ ಇರಬಾರದು."

"ನಮ್ಮಲ್ಲಿ ಅಂಥಾ ಪದ್ಧತಿ ಇಲ್ರಿ. ಎಲ್ಲಾರ ಕಡೆ ಫೋನ್ ಅದಾವ!"

 ಅವನು ಅವರು ಬಂದ ದಾರಿಯನ್ನೇ ನೋಡುತ್ತ ನಿಂತ. ಹತ್ತು ನಿಮಿಷದ ನಂತರ ಮಂಜಿನೊಳಗಿಂದ ನಿವೃತ್ತ ಪೋಸ್ಟ್‌ಮನ್ ಪಾಯಪ್ಪ ಕಾಕಾ ಏದುಸಿರು ಬಿಡುತ್ತ ಬಂದರು. ಚೈನ್ ಕಳಚಿತ್ತಂತೆ. ಎಷ್ಟು ಕೂಗಿದರೂ ಯಾರೂ ತಿರುಗಿ ನೋಡಲಿಲ್ಲವಂತೆ.

ಕಾಲೇಜಿನಲ್ಲಿ ಗಣಿತ ಕಲಿಸುವ ಶಾಲನಳಿಗೆ ಇಪ್ಪತ್ತೆಂಟು ಎಣಿಸಲು ಬರಲಿಲ್ಲ! ಅವಮಾನಕ್ಕೆ ಅವಳ ಮುಖ ಕೆಂಪಾಯಿತು.

ರೈಡ್ ಕೂಡಿಕೊಳ್ಳಲು ದಾರಿಯಲ್ಲಿ ಕಾದು ನಿಂತಿದ್ದ ಅವನೇ ಸಿದರಾಯ; ಹೆಸರು ಕೇಳಿದ್ದಳು, ಮುಖ ನೋಡಿದ್ದು ಇದೇ ಮೊದಲು. ಸಲಗರೆಯ ಕುರಿಗಾರರ ಮನೆಯ ಮಗ, ಕುಪವಾಡದ ಕಾರ್ಖಾನೆಯೊಂದರಲ್ಲಿ ಲೇಥ್ ನಡೆಸುವವನು. ಕಳೆದ ತಿಂಗಳವರೆಗೆ ಮಿರಜಿನ ಸೈಕಲ್ ಕ್ಲಬ್ಬಿನ ಕ್ಯಾಪ್ಟನ್. ಈಗ ಸಾಂಗಲಿಯ ಕ್ಲಬ್ಬು, ಮಿರಜಿನ ಕ್ಲಬ್ಬು ಎರಡೂ ಕೂಡಿ ಒಂದೇ ಕ್ಲಬ್ ಆಗಿತ್ತು. ಇಬ್ಬರು ಕ್ಯಾಪ್ಟನ್‌ಗಳಲ್ಲಿ ಒಬ್ಬರು ಉಳಿದರು, ಶಾಲನ. ಎರಡೂ ಊರುಗಳ ಮಹಾನಗರಪಾಲಿಕೆ ಒಂದಾಗಿ ಎಷ್ಟೋ ವರ್ಷಗಳಾದರೂ ಸಾಂಗಲಿಯವರು ಸಾಂಗಲಿಯವರೇ, ಮಿರಜಿನವರು ಮಿರಜಿನವರೇ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಮೊದಲ ದಿನವೇ ಜಗಳ ಶುರುವಾಗಿತ್ತು.

*

ಮುಂದಿನ ದೊಡ್ಡ ರೈಡ್ ಸಲಗರೆ ಕಡೆಗೆ. ದಾರಿ ನೋಡಿಕೊಂಡು ಬರಲು ಕಮಿಟಿ ಇಬ್ಬರನ್ನೂ ಒಟ್ಟಿಗೆ ಕಳಿಸಿತು.

ಮೊದಲ ಭಾನುವಾರ ಅವರು ಗುಂಡಿಗಳ ಬಗ್ಗೆ ಮಾತ್ರ ಮಾತಾಡಿದರು. ಎರಡನೆಯ ಭಾನುವಾರ ಗುಂಡಿಗಳ ನಡುವೆ ಊಟದ ಮಾತು, ಮನೆಯ ಮಾತು ಬಂತು. ಮೂರನೆಯ ಭಾನುವಾರ ಶಾಲನ ಕನ್ನಡಿ ಮುಂದೆ ಎರಡು ಸಲ ನಿಂತಳು. ಹೆಲ್ಮೆಟ್ ಹಾಕಿಕೊಳ್ಳುವ ತಲೆಗೆ ಅಷ್ಟೊಂದು ಬಾಚಣಿಗೆ ಯಾಕೆ ಎಂದು ಅವಳಿಗೇ ನಗು ಬಂತು.

'ನನಗೇನಾಗಿದೆ? ಅವನ ದನಿ ಕೇಳಿದರೆ ಸಾಕು, ಎದೆ ಯಾಕೆ ಹೀಗೆ ಬಡಿದುಕೊಳ್ಳುತ್ತೆ...'

ಸಲಗರೆ ಹತ್ತಿರದ ಒಂದು ತಿರುವಿನಲ್ಲಿ ಅವನು ಇಳಿದ. ಎರಡೂ ಕಡೆ ಆಳೆತ್ತರದ ಕಬ್ಬು. ಎದುರಿಗೆ ಬರುವ ವಾಹನ ಹತ್ತು ಹೆಜ್ಜೆ ದೂರ ಬರುವವರೆಗೂ ಕಾಣುತ್ತಿರಲಿಲ್ಲ.

"ಇಲ್ಲಿ ಒಬ್ಬರು ನಿಂದ್ರಬೇಕ್ರಿ," ಅಂದ. "ಮಿರಜನ್ಯಾಗ ನಮ್ಮ ಪದ್ಧತಿ ಹಂಗ. ಮುಂದಿನವರು ತಿರುವಿಗೆ ಒಬ್ಬನ್ನ ನಿಂದ್ರಸ್ತಾರ. ಅಂವ ಎಲ್ಲಾರಿಗೂ ದಾರಿ ತೋರಸ್ತಾನ, ಗಾಡಿಗಳಿಗೆ ಕೈ ಮಾಡ್ತಾನ. ಹಿಂದಿನವ ಬಂದು 'ನಡಿ' ಅನ್ನೂತನಕ ಅಲ್ಲಿಂದ ಸರಿಯಂಗಿಲ್ಲ."

"ಹಿಂದಿನವ ಬರಲಿಲ್ಲ ಅಂದ್ರ?"

"ಬರೂತನಕ ನಿಂದ್ರೂದು."

ಹಾಗೆನ್ನುವಾಗ ಅವನ ಮುಖ ಕಪ್ಪಿಟ್ಟಿತ್ತು. ರಸ್ತೆಯ ಎಡಗಡೆಗೆ ಅವನು ಒಮ್ಮೆಯೂ ನೋಡಲಿಲ್ಲ. ಶಾಲನಳಿಗೆ ಕೇಳಬೇಕೆನಿಸಿತು, ಕೇಳಲಿಲ್ಲ.

"ಆತ್ರಿ," ಎಂದಳು ಮೆಲ್ಲಗೆ. "ನಿಮ್ಮ ಪದ್ಧತಿನ ಇರ್ಲಿ. ನಮ್ಮ ಸೆಕ್ರೆಟರಿ ಬಾಳು ಹಿಂದ ಬರ್ತಾನ. ಅಂವ ಹಿಂದಿನವ."

ಸಿದರಾಯ ನಕ್ಕ. ಅವನು ನಕ್ಕಿದ್ದನ್ನು ಅವಳು ಅದೇ ಮೊದಲು ನೋಡಿದ್ದು. ಮನೆಗೆ ಬರುವವರೆಗೂ ಆ ನಗು ಅವಳ ಜೊತೆಯೇ ಬಂತು.

*

ರೈಡಿನ ಹಿಂದಿನ ದಿನ, ಶನಿವಾರ ಸಂಜೆ. ಕ್ಲಬ್ಬಿನ ಕಾರ್ಯದರ್ಶಿ ಬಾಳು ಮುಖ ಗಂಟು ಹಾಕಿಕೊಂಡು ಬಂದ.

"ಅಕ್ಕಾ, ನಿಂಗ ಗುರುಸಿದ್ಧಪ್ಪ ಕಾಕಾನ ವಿಷಯ ಗೊತ್ತೈತೇನ?"

"ಯಾರು?"

"ಮಿರಜ ಕ್ಲಬ್ಬಿನ ಹಿರಿಯರು. ಎರಡ ವರ್ಷದ ಹಿಂದ ಸಲಗರೆ ತಿರುವಿನ್ಯಾಗ ಟ್ರ್ಯಾಕ್ಟರ್ ಬಡದು ಸತ್ತರು. ಒಬ್ಬರ ಇದ್ದರಂತ. ಅವತ್ತಿನ ಹಿಂದಿನವ ಯಾರ ಗೊತ್ತೇನ? ಇದ ಸಿದರಾಯ! ಕಾಕಾನ್ನ ಬಿಟ್ಟು ಮುಂದ ಬಂದಿದ್ದ."

ಶಾಲನಳ ಎದೆ ಧಸಕ್ಕೆಂದಿತು. 'ಇಲ್ಲ... ಅವನಲ್ಲ. ಅವನು ಅಂಥವನಲ್ಲ!'

ಕೂಡಲೇ ಅವನಿಗೆ ಫೋನ್ ಮಾಡಿದಳು.

"ಸಿದರಾಯರ, ಗುರುಸಿದ್ಧಪ್ಪ ಕಾಕಾನ್ನ ನೀವು ಬಿಟ್ಟು ಬಂದಿದ್ರಂತ. ಖರೇ ಏನ್ರಿ?"



"ಖರೇ ಐತ್ರಿ."

ಅವಳು ಫೋನ್ ಕಟ್ ಮಾಡಿದಳು. ಮುಂದೆ ಅವನೇನು ಹೇಳುವವನಿದ್ದನೋ, ಕೇಳುವ ತಾಳ್ಮೆ ಅವಳಿಗಿರಲಿಲ್ಲ. ಕಣ್ಣು ತುಂಬಿ ಬಂದಿತ್ತು. ಊರಿಗೆಲ್ಲ ಬುದ್ಧಿ ಹೇಳುವವನು ಒಬ್ಬ ಮುದುಕನನ್ನು ದಾರಿಯಲ್ಲಿ ಬಿಟ್ಟು ಬಂದವನು! ಅಂಥವನಿಗಾಗಿ ಅವಳು ಕನ್ನಡಿ ಮುಂದೆ ನಿಂತಿದ್ದಳು!

"ಅಂಥಾವನ ಪದ್ಧತಿ ನಮಗ್ಯಾಕ ಅಕ್ಕಾ? ನಾ ಹಿಂದ ಬರೂದಿಲ್ಲ," ಅಂದ ಬಾಳು. "ತಿರುವಿಗೆ ಬೇಕಾದ್ರ ಮಂದಿ ನಿಂದ್ರಲಿ. ಎಲ್ಲಾರೂ ದಾಟಿದ ಮ್ಯಾಲ ತಾವ ಬರ್ತಾರ."

"ಬ್ಯಾಡ ಬಿಡು," ಎಂದಳು ಶಾಲನ.

ಹಿಂದಿನವ ಇಲ್ಲ ಎಂದು ಸಿದರಾಯನಿಗೆ ಹೇಳಬೇಕಿತ್ತು. ಅವಳು ಹೇಳಲಿಲ್ಲ.

*

ಮರುದಿನ ಬೆಳಗ್ಗೆ ಮಂಜು ಇನ್ನೂ ದಟ್ಟವಾಗಿತ್ತು. ನಲವತ್ತೊಂದು ಮಂದಿ. ಒಬ್ಬರ ಹಿಂದಿನ ಕೆಂಪು ದೀಪ ಇನ್ನೊಬ್ಬರಿಗೆ ಕಂಡರೆ ಅದೇ ಪುಣ್ಯ.

ಸಿದರಾಯ ಎರಡು ಸಲ ಮಾತಾಡಿಸಲು ಬಂದ. ಎರಡು ಸಲವೂ ಶಾಲನ ಮುಖ ತಿರುಗಿಸಿಕೊಂಡಳು.

ಸಲಗರೆ ತಿರುವು ಬಂತು. ಕಬ್ಬಿನೊಳಗೆಲ್ಲೋ ಟ್ರ್ಯಾಕ್ಟರಿನ ಹಾಡು ಕೇಳುತ್ತಿತ್ತು. ಹತ್ತಿರವೋ ದೂರವೋ ತಿಳಿಯುತ್ತಿರಲಿಲ್ಲ. ಶಾಲನ ಸೈಕಲ್ ನಿಲ್ಲಿಸಿ ಅವನ ಕಡೆ ಬೆರಳು ತೋರಿಸಿದಳು.

"ನೀವ ನಿಂದ್ರ್ರಿ ಇಲ್ಲಿ. ಹಿಂದಿನವ ಬರೂತನಕ! ಈ ಸಲನಾದ್ರೂ ಬಿಟ್ಟು ಹೋಗಬ್ಯಾಡ್ರಿ."

ಅವನ ಮುಖ ಬಿಳಿಚಿಕೊಂಡಿತು. ಸೈಕಲ್ಲನ್ನು ರಸ್ತೆಯ ಅಂಚಿಗೆ ಒರಗಿಸಿದ. ಕೈಯಲ್ಲಿ ಟಾರ್ಚ್ ಹಿಡಿದ.

"ಆತ್ರಿ. ನಿಂದ್ರತೇನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪೆಡಲ್ ತುಳಿದು ನೂರು ಗಜ ಹೋಗುವಷ್ಟರಲ್ಲೇ ಆ ಮಾತು ಅವಳನ್ನು ಚುಚ್ಚತೊಡಗಿತ್ತು. ಆದರೂ ಅವಳು ತಿರುಗಲಿಲ್ಲ.

*

ಒಂಬತ್ತು ಕಿಲೋಮೀಟರ್ ಮುಂದೆ, ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುವ ಹೀರಾಬಾಯಿಯ ಹೋಟೆಲ್. ಎಲ್ಲರೂ ಬಿಸಿ ಬಿಸಿ ಚಹಾ, ಮಿಸಳ್ ಎಂದು ಮುಗಿಬಿದ್ದರು. ಶಾಲನ ಎಣಿಸಿದಳು.

ನಲವತ್ತು.

ಮತ್ತೆ ಎಣಿಸಿದಳು. ಪಾಯಪ್ಪ ಕಾಕಾ ಇದ್ದಾರೆ. ಬಾಳು ಇದ್ದಾನೆ. ನಲವತ್ತು...

"ಸಿದರಾಯ ಎಲ್ಲಿ?"

"ಬರ್ತಾನ ಬಿಡಕ್ಕಾ. ಎಲ್ಲಾರೂ ದಾಟಿ ಒಂದ್ ತಾಸ ಮ್ಯಾಲ ಆತು," ಅಂದ ಬಾಳು.

ಚಹಾದ ಲೋಟ ಅವಳ ಕೈಯಲ್ಲೇ ಉಳಿಯಿತು. 'ಬರುವುದಿಲ್ಲ. ಅವನು ಬರುವುದೇ ಇಲ್ಲ! ಹಿಂದಿನವ ಬಂದು ನಡಿ ಅನ್ನುವವರೆಗೂ ಅಲ್ಲಿಂದ ಸರಿಯುವುದಿಲ್ಲ. ಹಿಂದಿನವನೇ ಇಲ್ಲವಲ್ಲ... ಅದು ಅವನಿಗೆ ಗೊತ್ತಿಲ್ಲವಲ್ಲ!'

ಫೋನ್ ಮಾಡಿದಳು. ರಿಂಗಾಯಿತು. ಯಾರೂ ಎತ್ತಲಿಲ್ಲ. ಇನ್ನೊಮ್ಮೆ ಮಾಡಿದಳು. ರಿಂಗಾಗುತ್ತಲೇ ಇತ್ತು.

ಅಷ್ಟರಲ್ಲಿ ಟೆಂಪೋ ಒಂದು ಬಂದು ನಿಂತಿತು. ಡ್ರೈವರ್ ಇಳಿದು ಮಾವಶಿಗೆ ಹೇಳಿದ:

"ಸಲಗರೆ ತಿರುವಿನ್ಯಾಗ ಕಬ್ಬಿನ ಟ್ರಾಲಿ ಪಲ್ಟಿ ಆಗೇತಿ ಮಾವಶಿ. ಅಡಿಯಾಗ ಒಂದ್ ಸೈಕಲ್ ಸಿಕ್ಕೈತಿ."

"ಮತ್ತ ಮನಷಾ?" ಹೀರಾಬಾಯಿ ಕೇಳಿದಳು.

"ಯಾರಿಗ್ಗೊತ್ತ. ಇನ್ನೂ ಕಬ್ಬ ತಗ್ಯಾಕತ್ಯಾರ."

ಶಾಲನಳ ಕಿವಿಯಲ್ಲಿ ಗುಂಯ್ ಎಂದಿತು. ಬಾಳು ಏನೋ ಹೇಳುತ್ತಿದ್ದ, ತಾನೂ ಬರುತ್ತೇನೆ ಎನ್ನುತ್ತಿದ್ದ.

"ಎಲ್ಲಾರನ್ನೂ ಇಲ್ಲೇ ಕುಂದ್ರಿಸು. ಒಬ್ಬರೂ ಅಲುಗಬಾರದು!" ಎಂದು ಚೀರಿ ಅವಳು ಸೈಕಲ್ ಹತ್ತಿದಳು.

ಆ ಒಂಬತ್ತು ಕಿಲೋಮೀಟರ್ ಅವಳು ಹೇಗೆ ತುಳಿದಳೋ ದೇವರಿಗೇ ಗೊತ್ತು. ಎದುರಿಗೆ ಬಿಳಿ ಮಂಜು, ಆಗಾಗ ಮೈಮೇಲೆ ಬಂದಂತೆ ಸರಿದುಹೋಗುವ ಕಬ್ಬಿನ ಗಾಡಿಗಳು. 'ನಾನೇ ನಿಲ್ಲಿಸಿದೆ. ನಾನೇ ಬೆರಳು ತೋರಿಸಿದೆ. ಅವನಿಗೇನಾದರೂ ಆದರೆ...' ಆ ಮಾತನ್ನು ಮುಗಿಸಲು ಅವಳ ಮನಸ್ಸಿಗೆ ಧೈರ್ಯವಾಗಲಿಲ್ಲ. ಒಂದು ಮಾತ್ರ ಸ್ಪಷ್ಟವಾಗಿತ್ತು. ಅವಳು ಅವನನ್ನು ಪ್ರೀತಿಸುತ್ತಿದ್ದಳು. ನಿನ್ನೆ ಫೋನ್ ಕಟ್ ಮಾಡಿದಾಗಲೂ ಪ್ರೀತಿಸುತ್ತಿದ್ದಳು.

*

ತಿರುವಿನಲ್ಲಿ ಕಬ್ಬಿನ ಗುಡ್ಡೆ ರಸ್ತೆಯ ಅರ್ಧಕ್ಕೆ ಬಿದ್ದಿತ್ತು. ಅದರಡಿಯಿಂದ ಒಂದು ಸೈಕಲ್ ಗಾಲಿ ಸೊಟ್ಟಗಾಗಿ ಹೊರಗೆ ಕಾಣುತ್ತಿತ್ತು. ಒಳಗೆಲ್ಲೋ ಫೋನ್ ಇತ್ತೆಂದು ಕಾಣುತ್ತದೆ, ಯಾರದೋ ಕರೆಗೆ ಸಣ್ಣಗೆ ಬಡಿದುಕೊಳ್ಳುತ್ತಿತ್ತು.

ಶಾಲನ ಸೈಕಲ್ ಬಿಸಾಡಿ ಓಡಿದಳು. ಊರವರ ನಡುವೆ ನುಗ್ಗಿ ಎರಡೂ ಕೈಯಿಂದ ಕಬ್ಬು ಎಳೆಯತೊಡಗಿದಳು. ಗರಿಗೆ ಅಂಗೈ ಸೀಳಿತು. ಅವಳಿಗೆ ತಿಳಿಯಲಿಲ್ಲ.

"ಸಿದರಾಯಾ! ಸಿದರಾಯಾ!"

"ನಾ ಇಲ್ಲೇ ಅದೇನ್ರಿ."

ಕಬ್ಬಿನ ಗುಡ್ಡೆಯ ಆ ತುದಿಯಿಂದ ಅವನು ಎದ್ದು ನಿಂತ. ಮೈತುಂಬ ಕೆಸರು. ಎಡಗೈಗೆ ಯಾರದೋ ಟವೆಲ್ ಸುತ್ತಿತ್ತು, ಅದು ಕೆಂಪಾಗಿತ್ತು. ಬಲಗೈಯಲ್ಲಿ ಒಂದು ಹೊರೆ ಕಬ್ಬು.

"ಟ್ರಾಲಿ ವಾಲಿದ್ದ ಕಂಡು ಗಟಾರಕ್ಕ ಜಿಗದ್ನಿ. ಡ್ರೈವರಗೂ ಏನಾಗಿಲ್ಲ," ಅಂದ. ಆಮೇಲೆ ಅವನ ದನಿ ಒಡೆಯಿತು. "ಆದ್ರ ಬಾಳು ಬಂದಿಲ್ರಿ! ಎರಡ ತಾಸ ಆತು. ಮಂಜಿನ್ಯಾಗ ಯಾರ ದಾಟಿದ್ರು ಕಾಣಲಿಲ್ಲ, ಎಣಕಿ ತಪ್ಪಿತು. ಹಿಂದಿನವ ಇನ್ನೂ ಬಂದಿಲ್ಲ. ಇದರ ಅಡಿಯಾಗ ಅದಾನೇನೋ ಅಂತ..."

ಗಾಯವಾದ ಕೈಯಲ್ಲಿ ಅವನು ಇಷ್ಟು ಹೊತ್ತು ಹುಡುಕುತ್ತಿದ್ದದ್ದು ಇಲ್ಲದ ಮನುಷ್ಯನನ್ನು!

ಶಾಲನ ಅಲ್ಲೇ ಕಬ್ಬಿನ ಮೇಲೆ ಕುಸಿದು ಅತ್ತಳು.

"ಬಾಳು ಹೋಟೆಲ್ಲಿನ್ಯಾಗ ಅದಾನ್ರಿ. ಎಲ್ಲಾರೂ ಅದಾರ. ಹಿಂದಿನವ ಅಂತ ಯಾರೂ ಇರಲೇ ಇಲ್ಲ. ಸಿಟ್ಟಿನ್ಯಾಗ ನಾನ ಬ್ಯಾಡ ಅಂದ್ನಿ. ನಿಮಗ ಹೇಳಲಿಲ್ಲ... ಬೈಯ್ರಿ ನಂಗ!"

ಅವನು ಬೈಯಲಿಲ್ಲ. ಕಬ್ಬಿನ ಹೊರೆ ಕೈಯಿಂದ ಜಾರಿತು. ಇಷ್ಟು ದಿನ ನೋಡದ ರಸ್ತೆಯ ಎಡಗಡೆಗೆ, ಕಾಕಾ ಸತ್ತ ಜಾಗಕ್ಕೆ, ನೋಡುತ್ತ ಹೇಳಿದ:

"ಗುರುಸಿದ್ಧಪ್ಪ ಕಾಕಾ 'ನೀ ಮುಂದ ಹೋಗಪಾ, ನಾ ಸಾವಕಾಶ ಬರ್ತೇನಿ' ಅಂದ. ನಮ್ಮ ಮನಿ ಇಲ್ಲೇ ಹತ್ರ. ಹೋದ್ನಿ. ಅವ್ವ ಚಹಾ ಕೊಟ್ಲು. ಕುಡಕೋತ ಕುಂತಾಗ ಸುದ್ದಿ ಬಂತು... ನೀವು ಅಂದಿದ್ದ ಖರೇನ ಐತ್ರಿ. ಬಿಟ್ಟ ಹೋಗಿದ್ನಿ."

"ಈ ಸಲ ಹೋಗಲಿಲ್ಲಲ್ರಿ."

"ಇಲ್ಲ."

ಅವಳು ಎದ್ದು ಹತ್ತಿರ ಬಂದಳು. ಕಣ್ಣೀರು ಒರೆಸಿಕೊಂಡು ಅವನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು.

"ನಾನ ಹಿಂದಿನಾಕಿ. ನಾ ಬಂದೇನಿ. ನನ್ನ ಹಿಂದ ಯಾರೂ ಇಲ್ಲ, ಎಲ್ಲಾರೂ ಮುಟ್ಟ್ಯಾರ. ಇನ್ನ ನಡೀರಿ..."

ಆಗ ಅವನು ಅಲ್ಲೇ ಕಬ್ಬಿನ ಮೇಲೆ ಕುಳಿತುಬಿಟ್ಟ. ಎರಡು ವರ್ಷಗಳಿಂದ ಹಿಡಿದಿಟ್ಟಿದ್ದ ಅಳು ಊರ ಮಂದಿಯ ಎದುರೇ ಹೊರಗೆ ಬಂತು. ಅವಳು ಅವನ ತಲೆಯನ್ನು ಎದೆಗೆ ಒತ್ತಿ ಹಿಡಿದು ನಿಂತಳು. ನೋಡುವವರು ನೋಡಲಿ!

ಮಂಜಿನೊಳಗೆ ಇನ್ನೊಂದು ಟ್ರ್ಯಾಕ್ಟರಿನ ಹಾಡು ಕೇಳಿಸಿತು. ಸಿದರಾಯ ತಟ್ಟನೆ ಎದ್ದು ಜೇಬಿನಿಂದ ಟಾರ್ಚ್ ತೆಗೆದು ಬೀಸಿದ. ಗಾಡಿ ನಿಧಾನವಾಗಿ ಬದಿಗೆ ಸರಿದು ಹೋಯಿತು.

"ಮೊದಲ ದವಾಖಾನೆ," ಎಂದಳು ಶಾಲನ. "ಆಮ್ಯಾಲ ಕಮಿಟಿಗೆ ಹೇಳ್ತೇನಿ. ನಂಗ ಕ್ಯಾಪ್ಟನ್ ಕೆಲಸ ಬ್ಯಾಡ. ನೀವ ಮುಂದ ಇರ್ರಿ."

"ಬ್ಯಾಡ್ರಿ. ಮುಂದ ಹೋಗೂದು ನಿಮಗ ಛಲೋ ಬರ್ತದ. ಹಿಂದ ನಾ ಇರ್ತೇನಿ."

"ನೀವು ಹಿಂದ, ನಾ ಮುಂದ. ನಡುವ ಮೂವತ್ತೊಂಬತ್ತ ಮಂದಿ!" ಅಳುವಿನ ನಡುವೆಯೂ ಅವಳಿಗೆ ಮುನಿಸು ಬಂತು. "ನಂಗ ನಿಮ್ಮ ಮ್ಯಾಲ ಪ್ರೀತಿ ಐತ್ರಿ. ನನ್ನ ಬಾಜೂಕ ಬರಾವ್ರು ಯಾರು ಮತ್ತ?"

ಸಿದರಾಯ ರಸ್ತೆಯ ಎರಡೂ ಕಡೆ ನೋಡಿದ. ಆಮೇಲೆ ಅವಳ ಸೈಕಲ್ಲನ್ನು ಎತ್ತಿ ನಿಲ್ಲಿಸಿದ.

"ರಸ್ತೆ ಖಾಲಿ ಇದ್ದಾಗೆಲ್ಲಾ ನಾನ," ಅಂದ.